ಒಂದೇ ಕಾನೂನಿನಲ್ಲಿ ಆಸ್ಪತ್ರೆ, ಗಡಿಗೋಡೆ, ತಿಮಿಂಗಿಲ: ಅಮೆರಿಕದ 2025ರ ಬಜೆಟ್ ಕಾನೂನು ನಮಗೆ ಎಲ್ಲಿ ತಟ್ಟುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಬ್ಯಾಂಕ್ ನೌಕರ. ಮಗಳು ಮತ್ತು ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ, ಅಳಿಯನದು ಎಚ್‌-1ಬಿ ವೀಸಾ. 2025ರಲ್ಲಿ ಮೊಮ್ಮಗ ಅಲ್ಲಿಯೇ ಹುಟ್ಟಿದ. ಮಗ ಅಮೆರಿಕದ ಪೌರತ್ವ ಪಡೆದಿದ್ದು, ನಮ್ಮಿಬ್ಬರನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುವ ಯೋಚನೆಯಲ್ಲಿದ್ದಾನೆ. ಟ್ರಂಪ್ ಅವರ ‘ಬಿಗ್ ಬ್ಯೂಟಿಫುಲ್ ಬಿಲ್’ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಜೆಟ್ ಕಾನೂನು ಎಂದರೆ ತೆರಿಗೆ ಮತ್ತು ಖರ್ಚು ಎಂದುಕೊಂಡಿದ್ದೆ. ಅದರೊಳಗೆ ಆಸ್ಪತ್ರೆ, ಗಡಿ, ವೀಸಾ, ಸೌರಫಲಕ, ವಿದ್ಯಾರ್ಥಿ ಸಾಲ ಎಲ್ಲ ಹೇಗೆ ಬಂದವು? ಮಕ್ಕಳು ನಮಗೆ ಕಳಿಸುವ ಹಣಕ್ಕೆ ತೆರಿಗೆ ಬೀಳುತ್ತದೆಯೇ? ನಮ್ಮಂಥ ಕುಟುಂಬ ಗಮನಿಸಬೇಕಾದದ್ದು ಯಾವುದು?

ಉತ್ತರ: ಮೊದಲು ಹಣದ ವಿಷಯವನ್ನು ಮುಗಿಸಿಬಿಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಕಾಣುತ್ತದೆ. ಮಗಳು ತನ್ನ ಅಮೆರಿಕದ ಬ್ಯಾಂಕ್ ಖಾತೆಯಿಂದ ನೇರವಾಗಿ ನಿಮ್ಮ ಖಾತೆಗೆ ಹಣ ಕಳಿಸಿದರೆ ಈ ಕಾನೂನಿನ ಅಡಿಯಲ್ಲಿ ಒಂದು ಸೆಂಟ್ ತೆರಿಗೆಯೂ ಇಲ್ಲ. ಅಮೆರಿಕದಲ್ಲಿ ಕೊಟ್ಟ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಬಳಸಿ ಕಳಿಸಿದರೂ ಇಲ್ಲ. ಅಂಗಡಿಯ ಕೌಂಟರಿನಲ್ಲಿ ನಗದು, ಮನಿ ಆರ್ಡರ್ ಅಥವಾ ಕ್ಯಾಷಿಯರ್ಸ್ ಚೆಕ್ ಕೊಟ್ಟು ವಿದೇಶಕ್ಕೆ ಹಣ ಕಳಿಸುವವರಿಗೆ ಮಾತ್ರ 2026ರ ಜನವರಿ 1ರಿಂದ ಶೇಕಡಾ 1ರ ತೆರಿಗೆ ಇದೆ. ಸಾವಿರ ಡಾಲರಿಗೆ ಹತ್ತು ಡಾಲರ್. ಅದನ್ನು ಕಟ್ಟುವವರು ಕಳಿಸುವವರೇ ಹೊರತು ನೀವಲ್ಲ. ಇಲ್ಲಿಯೂ ಮಗಳು ತಂದೆತಾಯಿಗೆ ಕೊಡುವ ಹಣಕ್ಕೆ ನಮ್ಮ ಆದಾಯ ತೆರಿಗೆ ಇಲಾಖೆ ಕೈ ಹಾಕುವುದಿಲ್ಲ, ಅದು ಹತ್ತಿರದ ಸಂಬಂಧಿಕರ ಉಡುಗೊರೆಯ ಲೆಕ್ಕಕ್ಕೆ ಸೇರುತ್ತದೆ.

ಗಾಬರಿ ಹುಟ್ಟಿದ್ದಕ್ಕೆ ಕಾರಣವಿತ್ತು. 2025ರ ಮೇ ತಿಂಗಳಲ್ಲಿ ಹೊರಬಂದ ಮೊದಲ ಕರಡಿನಲ್ಲಿ ಈ ತೆರಿಗೆ ಶೇಕಡಾ 5 ಇತ್ತು, ಅದೂ ಅಮೆರಿಕದ ಪೌರರಲ್ಲದವರಿಗೆ ಮಾತ್ರ. ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ ಅಂಗೀಕಾರವಾಗುವ ಹೊತ್ತಿಗೆ 3.5ಕ್ಕೆ ಇಳಿಯಿತು. ಮೇಲ್ಮನೆಯಾದ ಸೆನೆಟ್ ಅದನ್ನು 1ಕ್ಕೆ ತಂದು, ಬ್ಯಾಂಕಿನ ಹಣವನ್ನು ಹೊರಗಿಟ್ಟು, ಪೌರರು ಪೌರರಲ್ಲದವರು ಎಂಬ ಭೇದವನ್ನೂ ತೆಗೆದುಹಾಕಿತು. ಮೇ ತಿಂಗಳ ಸುದ್ದಿ ಇವತ್ತಿಗೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಈ ಕಾನೂನಿನ ಬಗ್ಗೆ ಯಾರಾದರೂ ಏನಾದರೂ ಹೇಳಿದರೆ ಅದು ಕರಡೋ, ಅಂತಿಮ ಪಠ್ಯವೋ ಎಂದು ಮೊದಲು ಕೇಳಿ.

ಈಗ ನಿಮ್ಮ ಮೂಲ ಪ್ರಶ್ನೆ: ಇಷ್ಟೆಲ್ಲ ಒಂದೇ ಕಾನೂನಿನಲ್ಲಿ ಏಕೆ?

ಇದರ ಮೂಲವಿರುವುದು ಸೆನೆಟ್‌ನ ನಡಾವಳಿ ನಿಯಮಗಳಲ್ಲಿ. ನೂರು ಸದಸ್ಯರ ಆ ಸಭೆಯಲ್ಲಿ ಸಾಮಾನ್ಯ ಮಸೂದೆಯ ಮೇಲಿನ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಬೇಕಾದರೆ 60 ಮತ ಬೇಕು. ಈಚಿನ ವರ್ಷಗಳಲ್ಲಿ ಯಾವ ಪಕ್ಷಕ್ಕೂ ಅಷ್ಟು ಬಲವಿಲ್ಲ. ಈಗ ರಿಪಬ್ಲಿಕನ್ನರ ಬಳಿ ಇರುವುದು 53. ಆದರೆ 1974ರ ಕಾಂಗ್ರೆಷನಲ್ ಬಜೆಟ್ ಕಾಯ್ದೆ ಒಂದು ವಿನಾಯಿತಿ ಕೊಟ್ಟಿದೆ. ಬಜೆಟ್ ನಿರ್ಣಯಕ್ಕೆ ಸರಿಹೊಂದುವಂತೆ ತೆರಿಗೆ ಮತ್ತು ಖರ್ಚಿನ ಕಾನೂನುಗಳನ್ನು ಬದಲಿಸುವ ಮಸೂದೆಗೆ ಚರ್ಚೆ ಇಪ್ಪತ್ತು ಗಂಟೆಗೆ ಸೀಮಿತ, ಆಮೇಲೆ ಸರಳ ಬಹುಮತ ಸಾಕು. ಇದಕ್ಕೆ ರಿಕನ್ಸಿಲಿಯೇಷನ್ ಎಂದು ಹೆಸರು. ಕಾಯ್ದೆ ಮಾಡಿದವರ ಮನಸ್ಸಿನಲ್ಲಿದ್ದದ್ದು ವರ್ಷಾಂತ್ಯದಲ್ಲಿ ಲೆಕ್ಕ ಸರಿದೂಗಿಸುವ ಒಂದು ಸಣ್ಣ ಕೆಲಸ. ಬೇರೆ ಯಾವ ಮಸೂದೆಯೂ 60 ಮುಟ್ಟದೆ ಹೋದಾಗ, ಅಧಿಕಾರಕ್ಕೆ ಬಂದ ಪ್ರತಿ ಪಕ್ಷವೂ ತಾನು ಮಾಡಬೇಕೆಂದಿದ್ದನ್ನೆಲ್ಲ ಈ ಒಂದೇ ಮಸೂದೆಯಲ್ಲಿ ತುಂಬತೊಡಗಿತು.

ರೇಗನ್ ಕಾಲದಿಂದಲೂ ಹೀಗೇ ನಡೆದುಬಂದಿದೆ. ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರ್ ಕೈಗೆ ‘ಕೋಬ್ರಾ’ ಎಂಬ ಪತ್ರ ಬರುತ್ತದೆ: ಕಂಪನಿಯ ಆರೋಗ್ಯ ವಿಮೆಯನ್ನು ಸ್ವಂತ ಹಣ ಕಟ್ಟಿ ಮುಂದುವರಿಸಿಕೊಳ್ಳಬಹುದು ಎಂದು. ಅದು 1986ರ ಏಪ್ರಿಲ್‌ನಲ್ಲಿ ಸಹಿಯಾದ ಒಂದು ಬಜೆಟ್ ಕಾನೂನಿನ ಹೆಸರಿನ ಮೊದಲಕ್ಷರಗಳು, ಅಷ್ಟೇ. ತುರ್ತು ಚಿಕಿತ್ಸೆಗೆ ಬಂದವರನ್ನು ಹಣವಿಲ್ಲವೆಂದು ಆಸ್ಪತ್ರೆ ಹಿಂದಕ್ಕೆ ಅಟ್ಟಬಾರದು ಎಂಬ ನಿಯಮವೂ ಅದೇ ಕಾನೂನಿನದು. ಗ್ರೀನ್ ಕಾರ್ಡ್ ಸಿಕ್ಕವರು ಹಲವು ಸರ್ಕಾರಿ ನೆರವುಗಳಿಗೆ ಐದು ವರ್ಷ ಕಾಯಬೇಕೆಂಬ ನಿಯಮ 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ರಿಕನ್ಸಿಲಿಯೇಷನ್ ಕಾನೂನಿನಲ್ಲಿ ಬಂತು. ಬುಷ್‌, ಟ್ರಂಪ್ ಅವರ ತೆರಿಗೆ ಕಡಿತಗಳು, ಬೈಡನ್ ಅವರ 2022ರ ಹವಾಮಾನ ಮತ್ತು ಔಷಧ ಬೆಲೆಯ ಕಾನೂನು ಬಂದದ್ದೂ ಇದೇ ದಾರಿಯಲ್ಲಿ. ಬಜೆಟ್ಟಿನ ಹೆಸರಿನಲ್ಲಿ ಏನೆಲ್ಲ ತುರುಕಿದರು ಎಂದು ಇವತ್ತು ಡೆಮಾಕ್ರಾಟರು ಗೋಳಾಡಿದರೆ, 2022ರಲ್ಲಿ ರಿಪಬ್ಲಿಕನ್ನರು ಅದೇ ಗೋಳು ಹಾಡಿದ್ದರು ಎಂಬುದನ್ನೂ ನೆನಪಿಡಿ.

ತಡೆಯೇ ಇಲ್ಲವೆಂದಲ್ಲ. ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ 1985ರಲ್ಲಿ ಒಂದು ನಿಯಮ ತಂದರು: ಹಣದ ಲೆಕ್ಕವನ್ನು ಬದಲಿಸದ, ಅಥವಾ ನೆಪಕ್ಕಷ್ಟೇ ಬದಲಿಸುವ ಕಲಮುಗಳು ಈ ಮಸೂದೆಯಲ್ಲಿ ಇರಕೂಡದು. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಹೇಳುವವರು ಸೆನೆಟ್‌ನ ಪಾರ್ಲಿಮೆಂಟೇರಿಯನ್ ಎಂಬ ಅಧಿಕಾರಿ, ಈಗ ಎಲಿಜಬೆತ್ ಮ್ಯಾಕ್‌ಡೊನಾ. ಈ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬಂದೂಕಿನ ಸೈಲೆನ್ಸರ್ ಕಥೆ ನೋಡಿ. 1934ರಿಂದಲೂ ಅಮೆರಿಕದಲ್ಲಿ ಸೈಲೆನ್ಸರ್ ಕೊಳ್ಳುವವರು ಸರ್ಕಾರದಲ್ಲಿ ನೋಂದಾಯಿಸಿ 200 ಡಾಲರ್ ತೆರಿಗೆ ಕಟ್ಟಬೇಕಿತ್ತು. ನೋಂದಣಿಯನ್ನೇ ಕಿತ್ತುಹಾಕಬೇಕೆಂದು ಬಂದೂಕಿನ ಪರ ಇರುವವರು ಮಸೂದೆಯಲ್ಲಿ ಬರೆಸಿದರು. ನೋಂದಣಿ ಎಂಬುದು ನಿಯಂತ್ರಣದ ವಿಷಯ, ಬಜೆಟ್ ವಿಷಯವಲ್ಲ ಎಂದು ಮ್ಯಾಕ್‌ಡೊನಾ ತಡೆದರು. ತೆರಿಗೆ ಮಾತ್ರ ಹಣದ ವಿಷಯ ತಾನೇ? ಹಾಗಾಗಿ ಅಂತಿಮ ಕಾನೂನಿನಲ್ಲಿ 2026ರಿಂದ ತೆರಿಗೆ ಸೊನ್ನೆ ಡಾಲರ್, ನೋಂದಣಿ ಇದ್ದಹಾಗೆಯೇ ಇದೆ. ನೀತಿ ಹೊರಗುಳಿಯಿತು, ಅದರ ಅಂಗಿ ಮಾತ್ರ ಒಳಗೆ ಬಂತು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಆದದ್ದು ಇನ್ನೂ ಸ್ವಾರಸ್ಯಕರ. ರಾಜ್ಯಗಳು ಹತ್ತು ವರ್ಷ ಕಾಲ ಎಐ ಮೇಲೆ ತಮ್ಮದೇ ನಿಯಮ ಮಾಡಬಾರದು ಎಂದು ಪ್ರತಿನಿಧಿಗಳ ಸಭೆ ಬರೆದಿತ್ತು. ಇದಕ್ಕೂ ಬಜೆಟ್ಟಿಗೂ ಏನು ಸಂಬಂಧ? ಸೆನೆಟ್‌ನವರು ಅದನ್ನು ರಾಜ್ಯಗಳಿಗೆ ಕೊಡುವ ಬ್ರಾಡ್‌ಬ್ಯಾಂಡ್ ಅನುದಾನಕ್ಕೆ ಗಂಟು ಹಾಕಿದರು: ನಿಯಮ ಮಾಡಿದರೆ ಹಣವಿಲ್ಲ. ಹೀಗೆ ಹಣದ ವೇಷ ಹಾಕಿಸಿದ ಮೇಲೆ ಪಾರ್ಲಿಮೆಂಟೇರಿಯನ್ ಕಣ್ಣಿಗೆ ಅದು ಪಾಸಾಯಿತು. ಕೊನೆಗೆ ಅದನ್ನು ತೆಗೆದುಹಾಕಿದವರು ಸೆನೆಟರುಗಳೇ, 99ಕ್ಕೆ 1 ಮತದಿಂದ.

ಬರ್ಡ್ ನಿಯಮ ಕಾನೂನಿನ ಹೆಸರನ್ನೂ ಬಿಡಲಿಲ್ಲ. ಜಗತ್ತೆಲ್ಲ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್ ಆ್ಯಕ್ಟ್’ ಎಂದು ಕರೆಯುವ ಕಾನೂನಿಗೆ ಅಧಿಕೃತವಾಗಿ ಆ ಹೆಸರಿಲ್ಲ. ಹೆಸರಿಗೆ ಬಜೆಟ್ ಪರಿಣಾಮವಿಲ್ಲವೆಂದು ಡೆಮಾಕ್ರಾಟ್ ನಾಯಕ ಚಕ್ ಶೂಮರ್ ಆಕ್ಷೇಪಿಸಿ ಆ ಸಾಲನ್ನು ತೆಗೆಸಿದರು. ದಾಖಲೆಯಲ್ಲಿ ಅದು ಬರೀ ಪಬ್ಲಿಕ್ ಲಾ 119-21.

ಇದೆಲ್ಲ ವಿಚಿತ್ರ ಅನ್ನಿಸಿದರೆ ನಮ್ಮ ಸಂಸತ್ತನ್ನೂ ಒಮ್ಮೆ ನೋಡಿ. ಸಂವಿಧಾನದ 110ನೇ ವಿಧಿಯ ಪ್ರಕಾರ ಮನಿ ಬಿಲ್ ಎಂದು ಲೋಕಸಭೆಯ ಸ್ಪೀಕರ್ ಪ್ರಮಾಣೀಕರಿಸಿದ ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸುವಂತಿಲ್ಲ. ಹದಿನಾಲ್ಕು ದಿನದೊಳಗೆ ಶಿಫಾರಸು ಮಾಡಬಹುದು, ಅಷ್ಟೇ. 2016ರಲ್ಲಿ ಆಧಾರ್ ಕಾಯ್ದೆ ಮನಿ ಬಿಲ್ ಆಗಿಯೇ ಬಂತು. 2017ರ ಹಣಕಾಸು ಕಾಯ್ದೆಯಲ್ಲಿ ನ್ಯಾಯಮಂಡಳಿಗಳ ಪುನಾರಚನೆ, ಚುನಾವಣಾ ಬಾಂಡ್‌ಗೆ ಬೇಕಾದ ತಿದ್ದುಪಡಿ ಎರಡೂ ಇದ್ದವು. ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಇಂಥವು ಮನಿ ಬಿಲ್ ಆಗಬಹುದೇ ಎಂಬ ಪ್ರಶ್ನೆಯನ್ನು 2019ರಲ್ಲೇ ದೊಡ್ಡ ಪೀಠಕ್ಕೆ ಒಪ್ಪಿಸಿತ್ತು. ವ್ಯತ್ಯಾಸವೆಂದರೆ ಅಲ್ಲಿ ತೀರ್ಪು ಕೊಡುವವರು ಚುನಾವಣೆಗೆ ನಿಲ್ಲದ ಒಬ್ಬ ಅಧಿಕಾರಿ, ಇಲ್ಲಿ ಆಳುವ ಪಕ್ಷದಿಂದ ಬಂದ ಸ್ಪೀಕರ್. ನನ್ನ ಕೇಳಿದರೆ ಈ ಒಂದು ವಿಷಯದಲ್ಲಿ ಅಮೆರಿಕನ್ನರ ಏರ್ಪಾಡು ಮೇಲು.

ಮಸೂದೆ ಹೊರಬಂದ ರೀತಿಯನ್ನು ಗಮನಿಸಿದರೆ ಅದರ ಹೊಟ್ಟೆ ಏಕೆ ಇಷ್ಟು ದೊಡ್ಡದಾಯಿತು ಎಂದು ತಿಳಿಯುತ್ತದೆ. ಬಜೆಟ್ ನಿರ್ಣಯ ಒಂದೊಂದು ಸಮಿತಿಗೂ ನೀನು ಇಷ್ಟು ಉಳಿಸು, ನೀನು ಇಷ್ಟು ಖರ್ಚು ಮಾಡು ಎಂದು ಆದೇಶಿಸುತ್ತದೆ. ಕೃಷಿ, ಸೇನೆ, ಬ್ಯಾಂಕಿಂಗ್, ವಾಣಿಜ್ಯ, ಇಂಧನ, ಪರಿಸರ, ಹಣಕಾಸು, ಆರೋಗ್ಯ-ಶಿಕ್ಷಣ, ಆಂತರಿಕ ಭದ್ರತೆ, ನ್ಯಾಯಾಂಗ, ಹೀಗೆ ಸೆನೆಟ್ ಸಮಿತಿಗಳ ಲೆಕ್ಕದಲ್ಲಿ ಕಾನೂನಿಗೆ ಹತ್ತು ಭಾಗಗಳು. ಬಡವರ ಆಹಾರ ನೆರವಿನ ಕಡಿತ ಎಲ್ಲಕ್ಕಿಂತ ಮೊದಲು ಬರುವುದಕ್ಕೆ ಅದರ ಮಹತ್ವ ಕಾರಣವಲ್ಲ. ಕೃಷಿ ಸಮಿತಿಯ ಇಂಗ್ಲಿಷ್ ಹೆಸರು ‘ಎ’ ಅಕ್ಷರದಿಂದ ಶುರುವಾಗುತ್ತದೆ. ಕಾನೂನನ್ನು ಓದಲು ಹೊರಟವರಿಗೆ ಒಂದು ಸುಳಿವು: ಕಲಮಿನ ಸಂಖ್ಯೆ 70,000ದಿಂದ ಶುರುವಾದರೆ ತೆರಿಗೆ, 71,000ದಿಂದ ಶುರುವಾದರೆ ಆರೋಗ್ಯ.

ಆಮೇಲೆ ಮತಗಳ ಚೌಕಾಶಿ. ಪ್ರತಿನಿಧಿಗಳ ಸಭೆಯಲ್ಲಿ 2025ರ ಮೇ 22ರಂದು 215-214, ಸೆನೆಟ್‌ನಲ್ಲಿ ಜುಲೈ 1ರಂದು 50-50 ಆಗಿ ಉಪಾಧ್ಯಕ್ಷ ವ್ಯಾನ್ಸ್ ಅವರ ಮತದಿಂದ 51-50, ಮತ್ತೆ ಕೆಳಮನೆಯಲ್ಲಿ ಜುಲೈ 3ರಂದು 218-214. ಮರುದಿನ, ಸ್ವಾತಂತ್ರ್ಯ ದಿನದಂದು, ಟ್ರಂಪ್ ಸಹಿ. ಇಷ್ಟು ತೆಳು ಬಹುಮತವಿದ್ದಾಗ ಒಂದೊಂದು ಮತಕ್ಕೂ ಬೆಲೆಯಿದೆ. ಸೆನೆಟ್‌ನಲ್ಲಿ ಮೂವರು ರಿಪಬ್ಲಿಕನ್ನರು ವಿರುದ್ಧ ನಿಂತರು. ಇನ್ನೊಬ್ಬರು ಕೈಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಕೊನೆಯವರೆಗೂ ಮನಸ್ಸು ಬಿಚ್ಚದೆ ಕೂತವರು ಅಲಾಸ್ಕಾದ ಲೀಸಾ ಮರ್ಕೌಸ್ಕಿ. ಕಾನೂನನ್ನು ತಿರುವಿ ನೋಡಿದರೆ ಅಲಾಸ್ಕಾದ ಹೆಜ್ಜೆಗುರುತು ಎಲ್ಲೆಲ್ಲೂ ಇದೆ. 70429ನೇ ಕಲಮು ನನಗೆ ಬಹಳ ಇಷ್ಟ: ಅಲಾಸ್ಕಾದ ಮೂಲನಿವಾಸಿಗಳಲ್ಲಿ ಸಾಂಪ್ರದಾಯಿಕ ತಿಮಿಂಗಿಲ ಬೇಟೆಯ ದೋಣಿ ನಾಯಕರು ದೋಣಿ, ಆಯುಧ, ಸಾಮಗ್ರಿಗೆ ಮಾಡುವ ಖರ್ಚಿನಲ್ಲಿ ವರ್ಷಕ್ಕೆ 10,000 ಡಾಲರ್ ವರೆಗೆ ತೆರಿಗೆ ವಿನಾಯಿತಿ ಇತ್ತು, ಅದೀಗ 50,000. ಬೇಟೆಯ ಮಾಂಸ ಮಾರಾಟಕ್ಕಲ್ಲ, ಊರಿಗೆಲ್ಲ ಹಂಚುತ್ತಾರೆ; ಹಾಗಾಗಿ ಈ ವಿನಾಯಿತಿಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಲಕ್ಷಾಂತರ ಕೋಟಿಯ ಕಾನೂನಿನಲ್ಲಿ ಅದು ಬಂದು ಕೂತದ್ದು ಹೇಗೆ ಎಂಬುದನ್ನು ವಿವರಿಸಬೇಕಿಲ್ಲ. ಟೆಕ್ಸಾಸಿನವರು ಬಾಹ್ಯಾಕಾಶ ನೌಕೆಯೊಂದನ್ನು ಸಾಗಿಸಿಕೊಂಡು ಬರಲು ಎಂಟೂವರೆ ಕೋಟಿ ಡಾಲರ್ ಬರೆಸಿಕೊಂಡರು.

ಈ ಸರಕೆಲ್ಲ ನೋಡಲು ಚೆನ್ನ. ಆದರೆ ಇಂಥ ಕಾನೂನನ್ನು ಅಳೆಯಲು ನಾನು ನೋಡುವುದು ಮೊದಲು ತಾರೀಖುಗಳನ್ನು. ಕೊಡುವುದು ಯಾವಾಗ, ಕಿತ್ತುಕೊಳ್ಳುವುದು ಯಾವಾಗ? ಹೋಟೆಲ್ ಮಾಣಿಯ ಟಿಪ್ಸ್ ಮೇಲೆ ವರ್ಷಕ್ಕೆ 25,000 ಡಾಲರ್ ವರೆಗೆ, ಓವರ್‌ಟೈಮ್ ಮೇಲೆ 12,500 ವರೆಗೆ, 65 ದಾಟಿದವರಿಗೆ 6,000 ಡಾಲರ್ ಹೆಚ್ಚುವರಿ ವಿನಾಯಿತಿ: ಇವು 2025ರ ವರಮಾನದಿಂದಲೇ ಸಿಗುತ್ತವೆ, 2028ಕ್ಕೆ ಮುಗಿಯುತ್ತವೆ, ಅಂದರೆ ಮುಂದಿನ ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ. ಇನ್ನೊಂದು ಕಡೆ ನೋಡಿ. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನಲ್ಲಿ ದುಡಿಯುವ ವಯಸ್ಸಿನ ಬಹಳಷ್ಟು ಜನ ತಿಂಗಳಿಗೆ 80 ಗಂಟೆ ದುಡಿದದ್ದನ್ನು ಅಥವಾ ಓದಿದ್ದನ್ನು ದಾಖಲೆಯಲ್ಲಿ ತೋರಿಸಬೇಕೆಂಬ ಷರತ್ತು ಜಾರಿಯಾಗಬೇಕಾದ ಗಡುವು 2027ರ ಜನವರಿ 1. ಸಂಸತ್ತಿನ ಮಧ್ಯಂತರ ಚುನಾವಣೆ ಅದಕ್ಕೂ ಮೊದಲು, 2026ರ ನವೆಂಬರಿನಲ್ಲಿ. ಆಹಾರ ನೆರವಿನ ಖರ್ಚಿನಲ್ಲಿ ಒಂದು ಪಾಲನ್ನು ರಾಜ್ಯಗಳ ತಲೆಗೆ ಕಟ್ಟುವುದು 2028ನೇ ಹಣಕಾಸು ವರ್ಷದಿಂದ. ಸಿಹಿಯನ್ನು ಮೊದಲೇ ಹಂಚಿ, ಕಹಿಯನ್ನು ಮತ ಎಣಿಕೆ ಮುಗಿದ ಮೇಲೆ ಬಡಿಸುವ ಲೆಕ್ಕಾಚಾರ ಕಾಕತಾಳೀಯ ಎಂದು ನಂಬುವುದು ನನಗೆ ಕಷ್ಟ.

ಒಟ್ಟು ಲೆಕ್ಕದಲ್ಲಿಯೂ ಒಂದು ಕೈಚಳಕವಿದೆ. ಹತ್ತು ವರ್ಷದಾಚೆ ಕೊರತೆ ಹೆಚ್ಚಿಸುವಂತಿಲ್ಲ ಎಂಬುದೂ ಬರ್ಡ್ ನಿಯಮದ ಭಾಗ. ಅದಕ್ಕಾಗಿಯೇ 2017ರ ಟ್ರಂಪ್ ತೆರಿಗೆ ಕಡಿತಗಳಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದವು 2025ರ ಕೊನೆಗೆ ಮುಗಿಯುವಂತೆ ಬರೆದಿದ್ದರು. ಈ ಕಾನೂನಿನ ಅವಸರಕ್ಕೆ ಅದೇ ಕಾರಣ. ಈ ಸಲ ಸೆನೆಟ್ ನಾಯಕರು ‘ಈಗಿನ ನೀತಿ’ಯೇ ಆಧಾರ ಎಂದು ಘೋಷಿಸಿದರು: ಈಗಾಗಲೇ ಇರುವ ಕಡಿತವನ್ನು ಮುಂದುವರಿಸಿದರೆ ಖರ್ಚು ಸೊನ್ನೆ. ಮೂರು ತಿಂಗಳು ಉಚಿತವೆಂದು ತೆಗೆದುಕೊಂಡ ಚಂದಾ ನಾಲ್ಕನೇ ತಿಂಗಳೂ ಉಚಿತವೇ ಎಂದು ಮನೆಯ ಲೆಕ್ಕಪುಸ್ತಕದಲ್ಲಿ ಬರೆದುಕೊಂಡ ಹಾಗೆ. ಸಂಸತ್ತಿನದೇ ಲೆಕ್ಕ ಕಚೇರಿಯಾದ ಸಿಬಿಒ ಹಳೆಯ ಪದ್ಧತಿಯಲ್ಲಿ ಎಣಿಸಿದಾಗ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ, 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಆರೋಗ್ಯ ವಿಮೆ ಕಳೆದುಕೊಳ್ಳುತ್ತಾರೆ ಎಂದು ಬಂತು. ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿದ್ದೂ ಇದೇ ಕಾನೂನು.

ಇನ್ನು ನಿಮ್ಮ ಮನೆಯ ವಿಷಯ. ನೀವು ಕೇಳದೇ ಇದ್ದದ್ದೇ ಎಲ್ಲಕ್ಕಿಂತ ಮುಖ್ಯ, ಅದು ಗ್ರೀನ್ ಕಾರ್ಡ್ ಮೇಲೆ ಹೋದರೆ ನಿಮ್ಮಿಬ್ಬರ ಆರೋಗ್ಯ ವಿಮೆ. ಇಲ್ಲಿಯವರೆಗೆ ನಡೆದುಬಂದದ್ದು ಹೀಗೆ: ಹೊಸದಾಗಿ ಹೋದ ತಂದೆತಾಯಿಗೆ 1996ರ ಕಾನೂನಿನಿಂದಾಗಿ ಐದು ವರ್ಷ ಮೆಡಿಕೇಡ್ ಇಲ್ಲ. ವಯಸ್ಸು 65 ದಾಟಿದ್ದರೂ, ಅಲ್ಲಿ ದುಡಿದಿಲ್ಲವಾದ್ದರಿಂದ, ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಅನ್ನು ಹಣ ಕಟ್ಟಿ ಕೊಳ್ಳಲು ಕೂಡ ಐದು ವರ್ಷ ಸತತ ವಾಸ ಬೇಕು. ಈ ನಡುವಿನ ಕಂದಕ ತುಂಬಲೆಂದೇ ಒಬಾಮಕೇರ್ ಎಂದು ಕರೆಯುವ 2010ರ ಆರೋಗ್ಯ ವಿಮಾ ಕಾನೂನಿನಲ್ಲಿ ಒಂದು ವಿಶೇಷ ಕಲಮಿತ್ತು: ವರಮಾನ ಬಡತನ ರೇಖೆಗಿಂತ ಕೆಳಗಿದ್ದು, ವಲಸೆಯ ಸ್ಥಿತಿಯಿಂದಾಗಿ ಮೆಡಿಕೇಡ್ ಸಿಗದವರು ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ನೆರವಿನ ಜೊತೆ ಪಾಲಿಸಿ ಕೊಳ್ಳಬಹುದಿತ್ತು. ಎಷ್ಟೋ ಭಾರತೀಯ ತಂದೆತಾಯಿಗಳು ತಿಂಗಳಿಗೆ ಕೆಲವೇ ಡಾಲರ್ ಕಟ್ಟಿ ಹೃದಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ಈ ಕಲಮಿನಿಂದ. 2026ರಿಂದ ಅದು ರದ್ದಾಗಿದೆ. ಮಗ ತನ್ನ ತೆರಿಗೆ ರಿಟರ್ನ್‌ನಲ್ಲಿ ನಿಮ್ಮನ್ನು ಅವಲಂಬಿತರೆಂದು ತೋರಿಸಿದರೆ ಅವನ ವರಮಾನವೇ ಲೆಕ್ಕಕ್ಕೆ ಬರುತ್ತದೆ. ಆಗ ವರಮಾನ ಹೆಚ್ಚೆಂಬ ಕಾರಣಕ್ಕೆ ನೆರವು ಸಿಗದಿರುವ ಸಾಧ್ಯತೆಯೇ ಹೆಚ್ಚು. ನೆರವಿಲ್ಲದ ಪಾಲಿಸಿ 60 ದಾಟಿದವರಿಗೆ ಒಬ್ಬೊಬ್ಬರಿಗೆ ತಿಂಗಳಿಗೆ ಸಾವಿರ ಡಾಲರ್ ಮೀರುವುದು ಅಪರೂಪವಲ್ಲ. ಐದು ವರ್ಷ ಹೀಗೆ ಕಟ್ಟಲು ಮಗನಿಂದ ಆಗುತ್ತದೆಯೇ ಎಂದು ಕೂತು ಲೆಕ್ಕ ಹಾಕಿ, ಆಮೇಲೆ ಅರ್ಜಿ ಹಾಕಿ. ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿಬಂದು, ಪ್ರಯಾಣ ವಿಮೆ ಮಾಡಿಸಿಕೊಳ್ಳುವುದೇ ಮೇಲೆಂದು ನಾನಾದರೆ ಹೇಳುತ್ತೇನೆ. ಆದರೆ ಪ್ರಯಾಣ ವಿಮೆಯಲ್ಲಿ ಹಳೆಯ ಕಾಯಿಲೆಗಳಿಗೆ ಏನು ಸಿಗುತ್ತದೆ ಎಂಬ ಸಣ್ಣಕ್ಷರವನ್ನು ಬಿಡದೆ ಓದಿ.

ಅಳಿಯನಿಗೂ ಇದರ ಒಂದು ಎಳೆ ತಾಕುತ್ತದೆ. ಕಂಪನಿಯ ವಿಮೆ ಇರುವವರೆಗೆ ಚಿಂತೆಯಿಲ್ಲ. ಕೆಲಸ ಹೋಗಿ ವಿಮಾ ಮಾರುಕಟ್ಟೆಗೆ ಬಂದರೆ, ಇದುವರೆಗೆ ಎಚ್‌-1ಬಿಯವರಿಗೂ ವರಮಾನ ನೋಡಿ ನೆರವು ಸಿಗುತ್ತಿತ್ತು. 2027ರ ಜನವರಿಯಿಂದ ಅದು ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನೆರಡು ಸಣ್ಣ ಗುಂಪುಗಳಿಗೆ ಮಾತ್ರ. ಮತ ಹಾಕಲಾರದವರಿಂದ ಉಳಿತಾಯ ಮಾಡುವುದು ಯಾವ ದೇಶದ ರಾಜಕಾರಣಿಗೂ ಸುಲಭ.

ತೆರಿಗೆಯಲ್ಲಿ ಅಳಿಯನಿಗೆ ಲಾಭವೇ ಹೆಚ್ಚು. ನ್ಯೂಜೆರ್ಸಿಯಲ್ಲಿ ಮನೆಗಂದಾಯ ವರ್ಷಕ್ಕೆ 10,000 ಡಾಲರ್ ದಾಟುವುದು ಮಾಮೂಲು. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳಿಗೆ ಸಿಗುತ್ತಿದ್ದ ವಿನಾಯಿತಿಯ ಮಿತಿ ಅಷ್ಟೇ ಇತ್ತು. ಅದು 2025ಕ್ಕೆ 40,000 ಆಯಿತು, ಮುಂದೆ ವರ್ಷಕ್ಕೆ ಶೇಕಡಾ 1ರಂತೆ ಏರಿ 2030ಕ್ಕೆ ಮತ್ತೆ 10,000ಕ್ಕೆ ಬೀಳುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಸದಸ್ಯರ ಬೆಂಬಲಕ್ಕೆ ಕೊಟ್ಟ ಬೆಲೆ ಇದು. ಸ್ವಂತ ಮನೆಯಿಲ್ಲದಿದ್ದರೆ ದಂಪತಿಗೆ ಸಿಗುವ ಸಾಮಾನ್ಯ ವಿನಾಯಿತಿಯೇ (2025ರಲ್ಲಿ 31,500 ಡಾಲರ್) ಸಾಕು. ಮಗುವಿಗೆ ಸಿಗುವ ತೆರಿಗೆ ರಿಯಾಯಿತಿ 2,000ದಿಂದ 2,200ಕ್ಕೆ ಏರಿದೆ. ವಿದ್ಯುತ್ ಕಾರಿನ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ, ಮನೆಯ ಸೌರಫಲಕದ ಶೇಕಡಾ 30ರ ರಿಯಾಯಿತಿ ಡಿಸೆಂಬರ್ 31ಕ್ಕೆ ಮುಗಿದುಹೋದವು. ವಿದ್ಯಾರ್ಥಿ ಸಾಲದ ಹೊಸ ಮಿತಿಗಳು ಎಫ್-1 ವೀಸಾದಲ್ಲಿ ಓದಲು ಹೋಗುವ ನಮ್ಮ ಮಕ್ಕಳಿಗೆ ಅನ್ವಯಿಸುವುದಿಲ್ಲ. ಅವರಿಗೆ ಆ ಸರ್ಕಾರಿ ಸಾಲ ಮೊದಲೂ ಸಿಗುತ್ತಿರಲಿಲ್ಲ.

ಮೊಮ್ಮಗನಿಗೆ ಸಾವಿರ ಡಾಲರ್ ಕಾದಿದೆ. 2025ರಿಂದ 2028ರ ಕೊನೆಯವರೆಗೆ ಹುಟ್ಟುವ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಿರುವ ಅಮೆರಿಕದ ಪೌರ ಮಕ್ಕಳ ಹೆಸರಿನಲ್ಲಿ ‘ಟ್ರಂಪ್ ಅಕೌಂಟ್’ ತೆರೆದು ಸರ್ಕಾರ 1,000 ಡಾಲರ್ ಹಾಕುತ್ತದೆ. ತಂದೆತಾಯಿ ಯಾವ ವೀಸಾದಲ್ಲಿದ್ದಾರೆ ಎಂಬುದು ಮುಖ್ಯವಲ್ಲ. ಅದು ತಾನಾಗಿ ಬರುವುದಿಲ್ಲ, ತೆರಿಗೆ ಇಲಾಖೆಯ 4547 ಸಂಖ್ಯೆಯ ನಮೂನೆ ತುಂಬಿ ಕೇಳಿಕೊಳ್ಳಬೇಕು. ಹಣ ಷೇರು ಸೂಚ್ಯಂಕ ನಿಧಿಯಲ್ಲಿರುತ್ತದೆ, 18 ತುಂಬುವ ವರ್ಷ ಬರುವವರೆಗೆ ತೆಗೆಯುವಂತಿಲ್ಲ. ಸರ್ಕಾರದ ಸಾವಿರವನ್ನು ಬಿಡುವುದೇಕೆ, ತೆಗೆದುಕೊಳ್ಳಲಿ. ಆದರೆ ಅದಕ್ಕೆ ಪ್ರತಿವರ್ಷ ಸ್ವಂತ ಹಣ ಸೇರಿಸುವ ಮೊದಲು ಅವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕೆಲವು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇದೆಯೇ? ಮರಳಿ ಭಾರತದ ನಿವಾಸಿಗಳಾದ ಮೇಲೆ ವಿದೇಶಿ ಆಸ್ತಿಯನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸುವ ಜವಾಬ್ದಾರಿ ಬರುತ್ತದೆ, ಎರಡು ದೇಶದ ತೆರಿಗೆ ನಿಯಮಗಳ ನಡುವೆ ಆ ಖಾತೆ ತಲೆನೋವಾಗಬಹುದು.

ಶಿವಮೊಗ್ಗದಲ್ಲಿ ಕೂತು ಓದುವಾಗ ಕಣ್ಣಿಗೆ ಬೀಳದ ಒಂದು ಕಲಮು ಬೆಂಗಳೂರಿಗೆ ಸಂಬಂಧಿಸಿದ್ದು. ಅಮೆರಿಕದ ತೆರಿಗೆ ಕಾನೂನಿನಲ್ಲಿ ಸಾಫ್ಟ್‌ವೇರ್ ಅಭಿವೃದ್ಧಿ ಸಂಶೋಧನಾ ವೆಚ್ಚದ ಲೆಕ್ಕಕ್ಕೆ ಬರುತ್ತದೆ. 2022ರಿಂದ ಆ ವೆಚ್ಚವನ್ನು ಕಂಪನಿಗಳು ಅದೇ ವರ್ಷ ಕಳೆಯುವಂತಿರಲಿಲ್ಲ. ದೇಶದೊಳಗೆ ಮಾಡಿದ್ದನ್ನು ಐದು ವರ್ಷಕ್ಕೆ, ಹೊರದೇಶದಲ್ಲಿ ಮಾಡಿದ್ದನ್ನು ಹದಿನೈದು ವರ್ಷಕ್ಕೆ ಹಂಚಬೇಕಿತ್ತು. ಹೊಸ ಕಾನೂನು ದೇಶದೊಳಗಿನದ್ದಕ್ಕೆ ಅದೇ ವರ್ಷ ಪೂರ್ತಿ ಕಳೆಯುವ ಅವಕಾಶ ಕೊಟ್ಟು, ಹೊರಗಿನದ್ದನ್ನು ಹದಿನೈದರಲ್ಲೇ ಬಿಟ್ಟಿದೆ. ಅಮೆರಿಕದ ಒಂದು ಕಂಪನಿ ತನ್ನದೇ ಲೆಕ್ಕದಲ್ಲಿ 15 ಲಕ್ಷ ಡಾಲರ್ ಸಂಶೋಧನೆಗೆ ಸುರಿದಿದೆ ಎಂದುಕೊಳ್ಳಿ. ಕೆಲಸ ಆಸ್ಟಿನ್‌ನಲ್ಲಿ ನಡೆದರೆ ಆ ವರ್ಷವೇ 15 ಲಕ್ಷ ಕಳೆಯಬಹುದು. ವೈಟ್‌ಫೀಲ್ಡ್‌ನಲ್ಲಿ ನಡೆದರೆ ಮೊದಲ ವರ್ಷ, ಅರ್ಧ ವರ್ಷದ ಲೆಕ್ಕದಲ್ಲಿ, 50,000 ಮಾತ್ರ. ಸಂಬಳದ ವ್ಯತ್ಯಾಸ ಇದನ್ನು ಇನ್ನೂ ನುಂಗಿಹಾಕುತ್ತದೆ, ನಿಜ. ಆದರೂ ಎಚ್‌-1ಬಿ ಬಗ್ಗೆ ನಮ್ಮ ಪತ್ರಿಕೆಗಳು ಬರೆದ ನೂರರಲ್ಲೊಂದು ಭಾಗವನ್ನೂ ಈ ಕಲಮಿನ ಬಗ್ಗೆ ಬರೆದದ್ದನ್ನು ನಾನು ಕಂಡಿಲ್ಲ.

ಈ ಕಾನೂನಿನ ತಲೆಗೆ ಕಟ್ಟುವ, ಆದರೆ ಅದರಲ್ಲಿ ಇಲ್ಲದ ಕೆಲವು ವಿಷಯಗಳಿವೆ. ಹೊಸ ಎಚ್‌-1ಬಿ ಅರ್ಜಿಗೆ 1,00,000 ಡಾಲರ್ ಎಂಬುದು 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ಹೊರಡಿಸಿದ ಘೋಷಣೆ. ಹುಟ್ಟಿನಿಂದ ಬರುವ ಪೌರತ್ವದ ವಿವಾದ ಅದೇ ವರ್ಷದ ಜನವರಿಯ ಆದೇಶದ್ದು. ಸುಂಕಗಳೂ ಬೇರೆ. ಜುಲೈನಲ್ಲಿ ಬಜೆಟ್ ಕಾನೂನು ಆದ ಮೇಲೂ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರ ಮುಚ್ಚಿದ್ದೇಕೆ ಎಂದು ನೀವು ಕೇಳಬಹುದು. ಕಚೇರಿಗಳ ವಾರ್ಷಿಕ ಖರ್ಚಿಗೆ ಅನುಮತಿ ಕೊಡುವ ಮಸೂದೆಗಳು ಬೇರೆಯೇ, ಅವಕ್ಕೆ ರಿಕನ್ಸಿಲಿಯೇಷನ್ ಸವಲತ್ತಿಲ್ಲ, 60 ಮತ ಬೇಕೇ ಬೇಕು. ಆ 43 ದಿನದ ಜಗಳದ ಮೂಲವೂ ಆರೋಗ್ಯ ವಿಮೆಯೇ: 2021ರಲ್ಲಿ ಹೆಚ್ಚಿಸಿದ್ದ ವಿಮಾ ನೆರವು 2025ರ ಕೊನೆಗೆ ಮುಗಿಯಲಿದ್ದು, ಜುಲೈನ ಕಾನೂನು ಅದನ್ನು ಮುಂದುವರಿಸದೆ ಬಿಟ್ಟಿತ್ತು.

ಕಡೆಯದಾಗಿ ವೀಸಾ ಶುಲ್ಕ. ಪ್ರವಾಸಿ, ವಿದ್ಯಾರ್ಥಿ, ಉದ್ಯೋಗಿ ವೀಸಾಗಳ ಮೇಲೆ ಈಗಿನ ಶುಲ್ಕದ ಜೊತೆಗೆ 250 ಡಾಲರಿನ ‘ವೀಸಾ ಇಂಟಿಗ್ರಿಟಿ’ ಶುಲ್ಕವನ್ನು ಈ ಕಾನೂನು ವಿಧಿಸಿದೆ. ವೀಸಾ ಮಂಜೂರಾದಾಗ ಕಟ್ಟಬೇಕು, ಷರತ್ತು ಪಾಲಿಸಿ ಅವಧಿಯೊಳಗೆ ಮರಳಿದವರಿಗೆ ವಾಪಸ್ ಕೊಡಬಹುದು ಎಂದೂ ಬರೆದಿದೆ. ಅರ್ಜಿ ತುಂಬುವ ದಿನ ಅಮೆರಿಕದ ರಾಯಭಾರ ಕಚೇರಿಯ ಅಧಿಕೃತ ತಾಣದಲ್ಲಿ ಎಷ್ಟು ತೋರಿಸುತ್ತಿದೆಯೋ ಅಷ್ಟನ್ನೇ ಕಟ್ಟಿ. ಅರ್ಜಿ ಹಾಕುವ ಹಂತದಲ್ಲೇ ಆ 250 ಡಾಲರನ್ನು ಮುಂಗಡವಾಗಿ ಕೇಳುವ ಏಜೆಂಟ್ ಸಿಕ್ಕರೆ ಬೇರೆ ಏಜೆಂಟನ್ನು ಹುಡುಕಿಕೊಳ್ಳಿ.